ನೇಪಾಳಕ್ಕೆ ಕ್ಯಾಮೆರಾ ಒಯ್ಯುವ ಮುನ್ನ

ಪ್ರಶ್ನೆ: ನಾನು ಉಡುಪಿ ಜಿಲ್ಲೆಯವನು. ಎರಡು ಕಿರುಚಿತ್ರಗಳನ್ನು ಮಾಡಿದ್ದೇನೆ, ಈಗ ಮೊದಲ ಪೂರ್ಣಾವಧಿ ಚಿತ್ರಕ್ಕೆ ಸಿದ್ಧನಾಗುತ್ತಿದ್ದೇನೆ. ಕಠ್ಮಂಡುವಿನ ಪಶುಪತಿನಾಥನ ಸನ್ನಿಧಿಗೆ ಪೂಜೆಯ ಕೆಲಸಕ್ಕೆಂದು ಹೋದ ಅಣ್ಣನನ್ನು ವರ್ಷಗಳ ನಂತರ ಹುಡುಕಿಕೊಂಡು ಹೋಗುವ ತಂಗಿಯ ಕಥೆ ಇದು. ಹದಿನಾಲ್ಕು ದಿನ ನೇಪಾಳದಲ್ಲಿ ಚಿತ್ರೀಕರಣವಿದೆ. ನಮ್ಮದು ಒಂಬತ್ತು ಜನರ ತಂಡ. ಧ್ವನಿಗ್ರಹಣ ಮಾಡುವ ಗೆಳೆಯ ಕನ್ನಡಿಗನೇ ಆದರೂ ಅಮೆರಿಕದ ಪಾಸ್‌ಪೋರ್ಟ್ ಹೊಂದಿದವನು. ಹಣ ಬಹಳ ಕಡಿಮೆ ಇದೆ. ಭಾರತೀಯರಿಗೆ ವೀಸಾ ಬೇಡವಾದ್ದರಿಂದ ಪ್ರವಾಸಿಗರಂತೆ ಸೋನೌಲಿಯಲ್ಲಿ ಗಡಿ ದಾಟಿ, ಸದ್ದಿಲ್ಲದೆ ಚಿತ್ರೀಕರಿಸಿಕೊಂಡು ಬಂದುಬಿಡಿ ಎಂದು ಕೆಲವರು ಸಲಹೆ ಕೊಡುತ್ತಿದ್ದಾರೆ. ಹಾಗೆ ಮಾಡಬಹುದೇ? ಮಾಡಬಾರದೆಂದರೆ, ಸಲಕರಣೆಗಳನ್ನು ಗಡಿ ದಾಟಿಸುವ ಸರಿಯಾದ ದಾರಿ ಯಾವುದು?

ಉತ್ತರ: ಮೊದಲು ಆ ಸಲಹೆಯ ವಿಷಯವನ್ನೇ ಹೇಳಿಬಿಡುತ್ತೇನೆ. ಪ್ರವಾಸಿಗರಂತೆ ಹೋಗಬೇಡಿ. ಸಣ್ಣ ತಂಡವಾದ್ದರಿಂದ ಯಾರ ಕಣ್ಣಿಗೂ ಬೀಳುವುದಿಲ್ಲ ಎಂಬ ನಂಬಿಕೆಯಲ್ಲಿ ಹೊರಟವರನ್ನು ನಾನು ನಿರ್ಮಾಣ ನಿರ್ವಹಣೆಯ ಕೆಲಸಕ್ಕೆ ಇಳಿದಾಗಿನಿಂದ ನೋಡುತ್ತ ಬಂದಿದ್ದೇನೆ. ಅವರಲ್ಲಿ ಹಲವರು ಚಿತ್ರೀಕರಣ ಮುಗಿಸಿಕೊಂಡು ಬಂದದ್ದೂ ನಿಜ. ತೊಂದರೆ ಎದುರಾದದ್ದು ಆಮೇಲೆ. ಚಿತ್ರವನ್ನು ಕೊಳ್ಳಲು ಮುಂದೆ ಬಂದ ವಿತರಕರೋ ಓಟಿಟಿ ಸಂಸ್ಥೆಯೋ ಚಿತ್ರೀಕರಣದ ಸ್ಥಳಗಳ ಅನುಮತಿ ಪತ್ರ ಕೇಳಿದಾಗ ಕೊಡಲು ಅವರ ಬಳಿ ಏನೂ ಇರಲಿಲ್ಲ. ದೊಡ್ಡ ನಿರ್ಮಾಣ ಸಂಸ್ಥೆಗಾದರೆ ನಾಲ್ಕು ದೃಶ್ಯಗಳನ್ನು ಮತ್ತೆ ಚಿತ್ರೀಕರಿಸುವ ಶಕ್ತಿ ಇರುತ್ತದೆ, ನಿಮಗೆ ಅದಿಲ್ಲ. ಹಣ ಕಡಿಮೆ ಇರುವುದರಿಂದಲೇ ನಿಮ್ಮ ಕಾಗದಪತ್ರ ದೊಡ್ಡವರದ್ದಕ್ಕಿಂತ ಗಟ್ಟಿಯಾಗಿರಬೇಕು. ಇನ್ನೊಂದು ಮಾತೂ ಇದೆ. ಅನುಮತಿ ಇಲ್ಲದೆ ಸಿಕ್ಕಿಬಿದ್ದರೆ ನಿಮ್ಮನ್ನು ಗಡಿಯಾಚೆಗೆ ಕಳಿಸಿ ಮುಗಿಸಬಹುದು. ನಿಮಗೆ ಮನೆ ತೋರಿಸಿದ, ವ್ಯಾನು ಓಡಿಸಿದ, ಸಣ್ಣ ಪಾತ್ರ ಮಾಡಿದ ನೇಪಾಳಿಗರು ಮಾತ್ರ ಅದೇ ಊರಿನಲ್ಲಿ, ಅದೇ ಪೊಲೀಸ್ ಠಾಣೆಯ ವ್ಯಾಪ್ತಿಯಲ್ಲಿ ಬದುಕಬೇಕು.

ವೀಸಾ ಬೇಡ ಎನ್ನುವುದು ನಿಜ. 1950ರ ಶಾಂತಿ ಮತ್ತು ಮೈತ್ರಿ ಒಪ್ಪಂದದ ಕಾಲದಿಂದಲೂ ಎರಡೂ ದೇಶಗಳ ಪ್ರಜೆಗಳು ಮುಕ್ತವಾಗಿ ಓಡಾಡುತ್ತಿದ್ದಾರೆ. ಸುಮಾರು 1,751 ಕಿಲೋಮೀಟರ್ ಉದ್ದದ ಈ ಗಡಿಯನ್ನು ನಮ್ಮ ಕಡೆಯಿಂದ ಸಶಸ್ತ್ರ ಸೀಮಾ ಬಲ ಕಾಯುತ್ತದೆ. ಸೋನೌಲಿಯ ಗೇಟಿನ ಬಳಿ ಬೆಳಿಗ್ಗೆ ನಿಂತರೆ ತರಕಾರಿ ಚೀಲ ಹೊತ್ತವರು, ಶಾಲೆಯ ಮಕ್ಕಳು, ಸೈಕಲ್ ರಿಕ್ಷಾದಲ್ಲಿ ಕುಳಿತ ಅಜ್ಜಿಯರು ಯಾರೂ ಕೇಳುವವರಿಲ್ಲದೆ ಆಚೆ ಈಚೆ ಹೋಗುವುದನ್ನು ಕಾಣುತ್ತೀರಿ. ಅದನ್ನು ನೋಡಿದವರಿಗೆ ಇದು ಗಡಿಯೇ ಅಲ್ಲವೆನ್ನಿಸುತ್ತದೆ. ಆದರೆ ಆ ಮುಕ್ತತೆ ಮನುಷ್ಯರಿಗೆ ಸೇರಿದ್ದು. ಲಕ್ಷಾಂತರ ರೂಪಾಯಿ ಬೆಲೆಯ ಕ್ಯಾಮೆರಾ ಪೆಟ್ಟಿಗೆಗೂ ವಾಣಿಜ್ಯ ಉದ್ದೇಶದ ಚಿತ್ರೀಕರಣಕ್ಕೂ ಅದು ಅನ್ವಯಿಸುವುದಿಲ್ಲ. ನೇಪಾಳದ ಚಲನಚಿತ್ರ ಕಾಯ್ದೆ ವಿಕ್ರಮ ಸಂವತ್ 2026ರದ್ದು, ಅಂದರೆ ನಮ್ಮ ಲೆಕ್ಕದಲ್ಲಿ 1969ರದ್ದು. ವಿದೇಶಿಯರು ಅಲ್ಲಿ ಚಿತ್ರ ತಯಾರಿಸಬೇಕಾದರೆ ಸರ್ಕಾರದ ಪೂರ್ವಾನುಮತಿ ಬೇಕೇ ಬೇಕು, ಮತ್ತು ಈ ವಿಷಯದಲ್ಲಿ ಭಾರತೀಯರೂ ವಿದೇಶಿಯರೇ.

ಅನುಮತಿ ಕೊಡುವುದು ಕಠ್ಮಂಡುವಿನ ಸಂವಹನ ಮತ್ತು ಮಾಹಿತಿ ತಂತ್ರಜ್ಞಾನ ಸಚಿವಾಲಯ. ಅಲ್ಲಿನ ಚಲನಚಿತ್ರ ವಿಕಾಸ ಮಂಡಳಿಯೂ ಈ ಪ್ರಕ್ರಿಯೆಯಲ್ಲಿ ಪಾಲ್ಗೊಳ್ಳುತ್ತದೆ. ನೀವು ಬೆಂಗಳೂರಿನಲ್ಲೋ ಉಡುಪಿಯಲ್ಲೋ ಕುಳಿತು ಅಂಚೆಯಲ್ಲಿ ಅರ್ಜಿ ಹಾಕಿ ಕಾಯುವುದು ನಡೆಯುವ ಮಾತಲ್ಲ. ನೋಂದಾಯಿತ ನೇಪಾಳಿ ನಿರ್ಮಾಣ ಸಂಸ್ಥೆಯೊಂದನ್ನು ಸಂಯೋಜಕರನ್ನಾಗಿ ಹಿಡಿಯಬೇಕು. ಕಥಾಸಾರ, ತಂಡದ ಪಟ್ಟಿ, ಎಲ್ಲರ ಗುರುತಿನ ದಾಖಲೆ, ಸ್ಥಳಗಳ ವಿವರ, ದಿನಾಂಕಗಳು, ಸಲಕರಣೆಗಳ ಪಟ್ಟಿ ಎಲ್ಲವೂ ಅವರ ಮೂಲಕವೇ ಹೋಗುತ್ತವೆ. ಸರ್ಕಾರದ ಪರವಾಗಿ ಒಬ್ಬ ಸಂಪರ್ಕಾಧಿಕಾರಿ ನಿಮ್ಮ ಜೊತೆಗಿರುತ್ತಾರೆ, ಅವರ ಓಡಾಟ ಮತ್ತು ದಿನಭತ್ಯೆಯ ಖರ್ಚು ನಿರ್ಮಾಪಕರದ್ದು. ಆದ್ದರಿಂದ ನಿಮ್ಮ ಬಜೆಟ್ಟಿನಲ್ಲಿ ಒಂಬತ್ತು ಜನರ ಊಟವಲ್ಲ, ಸಂಯೋಜಕರು ಮತ್ತು ಸಂಪರ್ಕಾಧಿಕಾರಿ ಸೇರಿ ಹನ್ನೊಂದು ಜನರ ಊಟ ಬರೆದುಕೊಳ್ಳಿ. ಆ ಅಧಿಕಾರಿಯನ್ನು ಕಾವಲುಗಾರನೆಂದು ತಿಳಿದು ದೂರ ಇಡುವ ನಿರ್ದೇಶಕರಿದ್ದಾರೆ. ನನ್ನ ಅನುಭವದಲ್ಲಿ ಅವರನ್ನು ಮೊದಲ ದಿನವೇ ಜೊತೆಗೆ ಕೂರಿಸಿಕೊಂಡು ದಿನದ ಪಟ್ಟಿ ಓದಿ ಹೇಳಿದ ತಂಡಗಳ ಕೆಲಸವೇ ಸಲೀಸಾಗಿ ನಡೆದಿದೆ. ರಸ್ತೆಯಲ್ಲಿ ಟ್ರೈಪಾಡ್ ಊರಿದೊಡನೆ ಬಂದು ನಿಲ್ಲುವ ಸಂಚಾರ ಪೊಲೀಸರಿಗೆ ಉತ್ತರ ಕೊಡುವವರು ಅವರೇ.

ಕಥಾಸಾರವನ್ನು ಹೇಗೆ ಬರೆಯುತ್ತೀರಿ ಎಂಬುದು ನಿಮ್ಮ ಚಿತ್ರದ ಮಟ್ಟಿಗೆ ಬಹಳ ಮುಖ್ಯ. ಪಶುಪತಿನಾಥನ ಗರ್ಭಗುಡಿಯಲ್ಲಿ ಪೂಜೆ ಮಾಡುವ ಭಟ್ಟರು ಕರ್ನಾಟಕದಿಂದ ಹೋಗುವ ಪರಂಪರೆ ಹಳೆಯದು, ಅವರಿಗೆ ನೆರವಾಗುವ ಭಂಡಾರಿಗಳು ಅಲ್ಲಿಯವರೇ. ನಮಗಿದು ಹೆಮ್ಮೆಯ ಸಂಗತಿ. ಆದರೆ 2008–09ರಲ್ಲಿ ಭಟ್ಟರ ನೇಮಕದ ವಿಷಯ ನೇಪಾಳದಲ್ಲಿ ದೊಡ್ಡ ವಿವಾದವಾಗಿ, ಬೀದಿಗೂ ನ್ಯಾಯಾಲಯಕ್ಕೂ ಹೋಗಿತ್ತು ಎಂಬುದನ್ನು ಮರೆಯಬೇಡಿ. ನಿಮ್ಮ ಸಾರಾಂಶದಲ್ಲಿ "ಅಣ್ಣ ದೇವಾಲಯದಲ್ಲಿ ಕಾಣೆಯಾದ" ಎಂದು ಒಂದು ಸಾಲು ಇದ್ದರೆ, ಓದುವ ಅಧಿಕಾರಿಗೆ ಅದು ದೇವಾಲಯದ ಮೇಲಿನ ಆರೋಪದಂತೆ ಕಾಣಬಹುದು. ನಿಮ್ಮ ಕಥೆ ಅದಲ್ಲ, ಅದು ಒಡಹುಟ್ಟಿದವರಿಬ್ಬರ ಕಥೆ. ಸುಳ್ಳು ಬರೆಯಬೇಡಿ, ಏನನ್ನೂ ಮುಚ್ಚಿಡಬೇಡಿ. ಆದರೆ ನಾಲ್ಕು ಸಾಲಿಗೆ ಬದಲು ನಾಲ್ಕು ಪುಟ ಬರೆಯಿರಿ, ಅಣ್ಣ ಯಾಕೆ ಮನೆಗೆ ಕಾಗದ ಬರೆಯುವುದನ್ನು ನಿಲ್ಲಿಸಿದ ಎಂಬುದೂ ಅದರಲ್ಲಿ ಇರಲಿ. ನೇಪಾಳಿ ಅನುವಾದವನ್ನು ಸಂಯೋಜಕರ ಕಚೇರಿಯ ಗುಮಾಸ್ತರಿಗೆ ಬಿಡದೆ ಕಥೆ ಬರೆಯುವ ಕೈಯಿಂದಲೇ ಮಾಡಿಸಿ. ಅನುಮತಿ ಸಿಕ್ಕ ಮೇಲೆ ಕಥೆಯನ್ನು ಬದಲಿಸಿದರೆ, ಮುಂದೆ ಪ್ರಶ್ನೆ ಬಂದಾಗ ಈ ಕಡತವೇ ನಿಮಗೆ ಎದುರು ಸಾಕ್ಷಿಯಾಗುತ್ತದೆ.

ದಿನಾಂಕದ ವಿಷಯದಲ್ಲಿ ನಾನೇ ಒಮ್ಮೆ ಎಡವಿದ್ದೇನೆ. ನೇಪಾಳದ ಸರ್ಕಾರಿ ಪತ್ರಗಳಲ್ಲಿ ವಿಕ್ರಮ ಸಂವತ್ತಿನ ದಿನಾಂಕ ಇರುತ್ತದೆ, ಅದೂ ದೇವನಾಗರಿ ಅಂಕಿಗಳಲ್ಲಿ. ಅನುಮತಿ ಪತ್ರದಲ್ಲಿ "ಕಾರ್ತಿಕ 5" ಎಂದು ಓದಿದ ಕೂಡಲೇ ನನ್ನ ಮನಸ್ಸು ನಮ್ಮ ಪಂಚಾಂಗದ ಕಾರ್ತಿಕಕ್ಕೆ ಹೋಯಿತು. ದೀಪಾವಳಿ ಅಮಾವಾಸ್ಯೆ ಕಳೆದ ಮೇಲಿನ ಐದನೆಯ ದಿನವೆಂದು ಲೆಕ್ಕ ಹಾಕಿ ತಂಡಕ್ಕೆ ಟಿಕೆಟ್ ಮಾಡಿಸಿದೆ. ಅಲ್ಲಿನ ತಿಂಗಳುಗಳು ಸೌರಮಾನದವು, ಕಾರ್ತಿಕ ಶುರುವಾಗುವುದು ಅಕ್ಟೋಬರ್ ಮಧ್ಯಭಾಗದಲ್ಲಿ. ನಾವು ಹೋಗಿ ತಲುಪುವ ಹೊತ್ತಿಗೆ ಅನುಮತಿಯ ಅವಧಿಯ ಅರ್ಧ ಕಳೆದಿತ್ತು. ಅಂದಿನಿಂದ ಪ್ರತಿ ಪತ್ರದ ಮೇಲೂ ಎರಡೂ ಪದ್ಧತಿಯ ದಿನಾಂಕವನ್ನು ಪೆನ್ಸಿಲಿನಲ್ಲಿ ಬರೆದಿಡುತ್ತೇನೆ. ಶನಿವಾರ ಅಲ್ಲಿ ವಾರದ ರಜೆ. ದಸರೆಯ ಸಮಯದಲ್ಲಿ, ಅವರ ದಶೈನಿನಲ್ಲಿ, ಕಚೇರಿಗಳು ದಿನಗಟ್ಟಲೆ ಮುಚ್ಚಿರುತ್ತವೆ, ಅದರ ಬೆನ್ನಿಗೇ ಅವರ ದೀಪಾವಳಿಯಾದ ತಿಹಾರ್ ಬರುತ್ತದೆ. ಸೆಪ್ಟೆಂಬರ್–ಅಕ್ಟೋಬರ್‌ನಲ್ಲಿ ಅರ್ಜಿ ಹಾಕಿ ನವೆಂಬರ್‌ನಲ್ಲಿ ಚಿತ್ರೀಕರಿಸುತ್ತೇನೆಂದರೆ ಕೆಲಸ ಆಗುವುದಿಲ್ಲ. ಚಿತ್ರೀಕರಣಕ್ಕೆ ಕನಿಷ್ಠ ಎರಡು ತಿಂಗಳು ಮೊದಲು ಅರ್ಜಿ ಅವರ ಮೇಜಿನ ಮೇಲಿರಲಿ.

ಈಗ ಸಲಕರಣೆಗಳ ವಿಷಯ. ನಿಮ್ಮ ಪ್ರಶ್ನೆಯ ತಿರುಳು ಇದೇ ಆಗಿರುವುದರಿಂದ ವಿವರವಾಗಿ ಬರೆಯುತ್ತೇನೆ. ಸರಕುಗಳನ್ನು ತಾತ್ಕಾಲಿಕವಾಗಿ ಬೇರೆ ದೇಶಕ್ಕೆ ಒಯ್ದು ಸುಂಕವಿಲ್ಲದೆ ಮರಳಿ ತರಲು ಎಟಿಎ ಕಾರ್ನೆ ಎಂಬ ಅಂತರರಾಷ್ಟ್ರೀಯ ದಾಖಲೆ ಇದೆ. ಭಾರತದಲ್ಲಿ ಅದನ್ನು ಕೊಡುವುದು ವಾಣಿಜ್ಯೋದ್ಯಮ ಸಂಘಗಳ ಒಕ್ಕೂಟವಾದ ಫಿಕ್ಕಿ. ನೀವು ಶ್ರೀಲಂಕೆಗೋ ಯೂರೋಪಿಗೋ ಹೋಗುವುದಾಗಿದ್ದರೆ ಅದನ್ನೇ ಮಾಡಿಸಿ ಎನ್ನುತ್ತಿದ್ದೆ. ನೇಪಾಳ ಆ ವ್ಯವಸ್ಥೆಯಲ್ಲಿಲ್ಲ. ಹಾಗಾಗಿ ಎರಡು ಕಡೆಯ ಕಸ್ಟಮ್ಸ್‌ನೊಂದಿಗೆ ಎರಡು ಬೇರೆ ಬೇರೆ ಕಾಗದಗಳ ಮೂಲಕ ವ್ಯವಹರಿಸಬೇಕಾಗುತ್ತದೆ. ನಮ್ಮ ಕಡೆಯಿಂದ ಹೊರಡುವಾಗ ಕಸ್ಟಮ್ಸ್ ಅಧಿಕಾರಿಗೆ ಪ್ರತಿಯೊಂದು ವಸ್ತುವನ್ನೂ ತೋರಿಸಿ, ಇವು ಭಾರತದಿಂದ ಹೋಗುತ್ತಿವೆ, ಇವೇ ಮರಳಿ ಬರುತ್ತವೆ ಎಂಬುದಕ್ಕೆ ಎಕ್ಸ್‌ಪೋರ್ಟ್ ಸರ್ಟಿಫಿಕೇಟ್ ಪಡೆಯಿರಿ. ಇದಿಲ್ಲದೆ ಹೋದವರು ಬರುವಾಗ ತಮ್ಮದೇ ಕ್ಯಾಮೆರಾವನ್ನು ಹೊಸದಾಗಿ ಆಮದು ಮಾಡುತ್ತಿಲ್ಲವೆಂದು ಸಾಬೀತುಪಡಿಸಲು ಒದ್ದಾಡಬೇಕಾಗುತ್ತದೆ. ಅದರಲ್ಲೂ ನೇಪಾಳದಿಂದ ಭೂಮಾರ್ಗವಾಗಿ ಬರುವವರಿಗೆ ವಿಮಾನದಲ್ಲಿ ಬರುವವರಿಗಿರುವ ಸುಂಕದ ರಿಯಾಯಿತಿ ಇಲ್ಲ. ಆಚೆ ಬದಿಯಲ್ಲಿ ನೇಪಾಳದ ಭನ್ಸಾರ್, ಅಂದರೆ ಅವರ ಕಸ್ಟಮ್ಸ್ ಕಚೇರಿ, ಸಚಿವಾಲಯದ ಶಿಫಾರಸು ಪತ್ರವನ್ನು ನೋಡಿ, ಸುಂಕಕ್ಕೆ ಸಮನಾದ ಮೊತ್ತವನ್ನು ಠೇವಣಿಯಾಗಿ ಅಥವಾ ಬ್ಯಾಂಕ್ ಗ್ಯಾರಂಟಿಯಾಗಿ ಇರಿಸಿಕೊಂಡು ವಸ್ತುಗಳನ್ನು ಒಳಗೆ ಬಿಡುತ್ತದೆ. ಆ ಠೇವಣಿಯನ್ನು ಅಲ್ಲಿ ಧರೌಟಿ ಎನ್ನುತ್ತಾರೆ. ವಸ್ತುಗಳು ಗಡುವಿನೊಳಗೆ ಹೊರಗೆ ಹೋದರೆ ಹಣ ಮರಳಿ ಬರುತ್ತದೆ. ಆದರೆ ಅಷ್ಟು ದಿನ ಆ ಹಣ ನಿಮ್ಮ ಕೈಯಲ್ಲಿ ಇರುವುದಿಲ್ಲ. ಸಣ್ಣ ಚಿತ್ರಗಳ ಲೆಕ್ಕ ತಪ್ಪುವುದು ಹೆಚ್ಚಾಗಿ ಇಲ್ಲೇ: ಖರ್ಚಾಗದ ಹಣವಾದ್ದರಿಂದ ಬಜೆಟ್ಟಿನಲ್ಲಿ ಬರೆದಿರುವುದಿಲ್ಲ, ಆದರೆ ಗಡಿಯಲ್ಲಿ ಅದನ್ನು ಎಣಿಸಿ ಕೊಡಬೇಕಾಗುತ್ತದೆ.

ಧರೌಟಿಯನ್ನು ಕಡಿಮೆ ಮಾಡುವ ಪ್ರಾಮಾಣಿಕ ದಾರಿಯೊಂದೇ, ಕಡಿಮೆ ವಸ್ತುಗಳನ್ನು ಒಯ್ಯುವುದು. ಕಠ್ಮಂಡುವಿನಲ್ಲಿ ಚಿತ್ರೋದ್ಯಮವಿದೆ, ದೀಪಗಳು, ಸ್ಟ್ಯಾಂಡುಗಳು, ಟ್ರೈಪಾಡ್, ಜನರೇಟರ್, ಮಾನಿಟರ್ ಎಲ್ಲವೂ ಬಾಡಿಗೆಗೆ ಸಿಗುತ್ತವೆ, ಅವುಗಳನ್ನು ಬಲ್ಲ ಹುಡುಗರೂ ಸಿಗುತ್ತಾರೆ. ನಿಮ್ಮ ಛಾಯಾಗ್ರಾಹಕರ ಕಣ್ಣಿಗೂ ಕೈಗೂ ಒಗ್ಗಿದ ಕ್ಯಾಮೆರಾ ಬಾಡಿ, ಮೂರು ನಾಲ್ಕು ಲೆನ್ಸ್, ಧ್ವನಿಯ ರೆಕಾರ್ಡರ್ ಮತ್ತು ಮೈಕುಗಳು, ಹಾರ್ಡ್ ಡಿಸ್ಕುಗಳು: ಇಷ್ಟನ್ನು ಮಾತ್ರ ಒಯ್ಯಿರಿ. ಬೆಲೆಯನ್ನು ಕಡಿಮೆ ತೋರಿಸಿ ಠೇವಣಿ ಉಳಿಸುವ ಉಪಾಯವನ್ನು ಯಾರಾದರೂ ಹೇಳಿದರೆ ಒಪ್ಪಬೇಡಿ. ಲೆನ್ಸ್ ಕಳೆದುಹೋದರೆ ವಿಮಾ ಕಂಪನಿ ಹಿಡಿದುಕೊಳ್ಳುವುದು ನೀವೇ ಬರೆದುಕೊಟ್ಟ ಆ ಬೆಲೆಯನ್ನೇ. ಇದರ ಜೊತೆಗೆ ನಿಮ್ಮ ವಿಮೆ ಭಾರತದೊಳಗೆ ಮಾತ್ರ ಅನ್ವಯಿಸುತ್ತದೆಯೇ ಎಂದು ಪಾಲಿಸಿಯ ಸಣ್ಣ ಅಕ್ಷರಗಳಲ್ಲಿ ನೋಡಿ, ಹಾಗಿದ್ದರೆ ನೇಪಾಳವನ್ನು ಸೇರಿಸಲು ಬರವಣಿಗೆಯಲ್ಲಿ ಕೇಳಿ. ಕ್ಯಾಮೆರಾ ಬೆಂಗಳೂರಿನಲ್ಲಿ ಬಾಡಿಗೆಗೆ ಪಡೆದದ್ದಾದರೆ, ದೇಶದಿಂದ ಹೊರಗೆ ಒಯ್ಯಲು ಮಾಲೀಕರ ಒಪ್ಪಿಗೆ ಪತ್ರವೂ ಖರೀದಿಯ ಬಿಲ್ಲಿನ ಪ್ರತಿಯೂ ಬೇಕು.

ಇನ್ನು ಪಟ್ಟಿ. ವಸ್ತುವಿನ ಹೆಸರು, ತಯಾರಕರು, ಮಾದರಿ, ಸೀರಿಯಲ್ ನಂಬರ್, ತಯಾರಾದ ದೇಶ, ಬೆಲೆ, ಯಾವ ಪೆಟ್ಟಿಗೆಯಲ್ಲಿದೆ ಎಂಬುದು, ಇಷ್ಟೂ ಇರುವ ಒಂದೇ ಪಟ್ಟಿಯನ್ನು ತಯಾರಿಸಿ. ಸಚಿವಾಲಯಕ್ಕೂ, ನಮ್ಮ ಕಸ್ಟಮ್ಸ್‌ಗೂ, ಅವರ ಭನ್ಸಾರಿಗೂ, ವಿಮಾ ಕಂಪನಿಗೂ ಅಕ್ಷರವೂ ಬದಲಾಗದ ಅದೇ ಪಟ್ಟಿ ಹೋಗಬೇಕು. ಒಂದು ಜೂನ್ ತಿಂಗಳಲ್ಲಿ, ಬೇರೊಂದು ಗಡಿಠಾಣೆಯಲ್ಲಿ, ನಮ್ಮ ತಂಡ ಬೆಳಿಗ್ಗೆ ಒಂಬತ್ತರಿಂದ ಸಂಜೆ ಐದರವರೆಗೆ ತಗಡಿನ ಸೂರಿನ ಕೆಳಗೆ ಕುಳಿತಿತ್ತು. ಕಾರಣವಿಷ್ಟೇ: ಧ್ವನಿ ರೆಕಾರ್ಡರಿನ ಸೀರಿಯಲ್ ನಂಬರನ್ನು ಸಹಾಯಕನೊಬ್ಬ ಹೊರಗಿನ ಪೆಟ್ಟಿಗೆಯ ಚೀಟಿಯಿಂದ ಬರೆದುಕೊಂಡಿದ್ದ, ಯಂತ್ರದ ತಳದಲ್ಲಿ, ಬ್ಯಾಟರಿ ಮುಚ್ಚಳದ ಒಳಬದಿಯಲ್ಲಿ ಇದ್ದ ನಂಬರಿನಲ್ಲಿ ಸೊನ್ನೆಯ ಜಾಗದಲ್ಲಿ ಇಂಗ್ಲಿಷಿನ ಓ ಅಕ್ಷರವಿತ್ತು. ಅಧಿಕಾರಿ ಟಾರ್ಚ್ ಹಿಡಿದು ಆ ಒಂದು ಅಕ್ಷರವನ್ನು ಮೂರು ಬಾರಿ ನೋಡಿದರು. ಅವರ ಮೇಲೆ ನನಗೆ ಸಿಟ್ಟಿಲ್ಲ, ಪಟ್ಟಿಯನ್ನು ನೋಡುವುದೇ ಅವರ ಕೆಲಸ. ಆದ್ದರಿಂದ ಪ್ರತಿ ವಸ್ತುವನ್ನೂ ಕೈಯಲ್ಲಿ ಹಿಡಿದು, ನಂಬರಿನ ಫೋಟೋ ತೆಗೆದು, ಒಬ್ಬರು ಓದಿ ಇನ್ನೊಬ್ಬರು ಬರೆದು ಪಟ್ಟಿ ಮಾಡಿ. ಲೆನ್ಸುಗಳ ನಂಬರ್ ಹೆಚ್ಚಾಗಿ ಮೌಂಟಿನ ಹತ್ತಿರವೋ ಮುಂಭಾಗದ ಉಂಗುರದ ಸುತ್ತಲೋ ಕೆತ್ತಿರುತ್ತದೆ. ನಂಬರೇ ಇಲ್ಲದ ಕೇಬಲ್, ಫಿಲ್ಟರ್‌ಗಳಿಗೆ ಸಂಖ್ಯೆಯನ್ನು ಎಣಿಸಿ ಬರೆಯಿರಿ. ಹಾರ್ಡ್ ಡಿಸ್ಕುಗಳನ್ನು ಇಲ್ಲಿಯೇ ಕೊಂಡು ಪಟ್ಟಿಗೆ ಸೇರಿಸಿ. ಅಲ್ಲಿ ಅವಸರಕ್ಕೆ ಕೊಂಡ ಹೊಸ ಡಿಸ್ಕು ಬರುವಾಗ ಪಟ್ಟಿಯಲ್ಲಿಲ್ಲದ ವಸ್ತುವಾಗುತ್ತದೆ.

ಒಯ್ಯಬಾರದ ಕೆಲವು ವಸ್ತುಗಳಿವೆ. ಡ್ರೋನನ್ನು ಖಂಡಿತ ಒಯ್ಯಬೇಡಿ. ನೇಪಾಳದಲ್ಲಿ ಅದಕ್ಕೆ ನಾಗರಿಕ ವಿಮಾನಯಾನ ಪ್ರಾಧಿಕಾರದ ಮತ್ತು ಗೃಹ ಆಡಳಿತದ ಬೇರೆಯೇ ಅನುಮತಿ ಬೇಕು. ಪಶುಪತಿ ಪ್ರದೇಶವಂತೂ ತ್ರಿಭುವನ ವಿಮಾನ ನಿಲ್ದಾಣದ ಮಗ್ಗುಲಲ್ಲೇ ಇದೆ. ಅದಕ್ಕಿಂತ ದೊಡ್ಡ ಸಮಸ್ಯೆ ಮರಳುವಾಗ ಎದುರಾಗುತ್ತದೆ. 2022ರ ಫೆಬ್ರವರಿಯಿಂದ ವಿದೇಶಿ ಡ್ರೋನುಗಳ ಆಮದನ್ನು ಭಾರತ ನಿಷೇಧಿಸಿದೆ, ನಿಮ್ಮದೇ ಹಳೆಯ ಡ್ರೋನನ್ನು ಗಡಿಯಲ್ಲಿ ಆಮದೆಂದು ಭಾವಿಸಿ ಹಿಡಿದರೆ ಬಿಡಿಸಿಕೊಳ್ಳುವುದು ಕಷ್ಟ. ಮೇಲಿನಿಂದ ಒಂದು ನೋಟ ಬೇಕೇ ಬೇಕೆಂದರೆ ಅಲ್ಲಿನ ಪರವಾನಗಿ ಇರುವ ನಿರ್ವಾಹಕರನ್ನು ಗೊತ್ತುಮಾಡಿ. ವಾಕಿಟಾಕಿಗಳು, ಆಟಿಕೆಯ ಬಂದೂಕು, ಪೊಲೀಸ್ ಸಮವಸ್ತ್ರ, ನಕಲಿ ನೋಟಿನ ಕಟ್ಟು ಇವೆಲ್ಲ ಗಡಿಯಲ್ಲಿ ಅನುಮಾನಕ್ಕೆ ಎಡೆಮಾಡುವ ವಸ್ತುಗಳು. ಬೇಕಾದರೆ ಅಲ್ಲಿಯೇ ಸಂಯೋಜಕರ ಮೂಲಕ ಹೊಂದಿಸಿಕೊಳ್ಳಿ.

ರಸ್ತೆಯೋ ವಿಮಾನವೋ ಎಂದು ನೀವು ಕೇಳಿಲ್ಲ, ಸೋನೌಲಿ ಎಂದೇ ನಿರ್ಧರಿಸಿದಂತಿದೆ. ಯಶವಂತಪುರದಿಂದ ಗೋರಖಪುರಕ್ಕೆ ರೈಲಿದೆ, ಅಲ್ಲಿಂದ ಸೋನೌಲಿ ನೂರು ಕಿಲೋಮೀಟರ್‌ನ ಆಸುಪಾಸು. ಸಲಕರಣೆ ಹೆಚ್ಚಿರುವ ತಂಡಕ್ಕೆ ಇದು ಅಗ್ಗದ ದಾರಿ. ಆದರೆ ಗಡಿ ದಾಟಿದ ಮೇಲೆ ಭೈರಹವಾ, ಬುಟ್ವಲ್, ನಾರಾಯಣಗಢ, ಮುಗ್ಲಿಂಗ್ ಮಾರ್ಗವಾಗಿ ಕಠ್ಮಂಡು ಸೇರಲು ಇಡೀ ದಿನ ಬೇಕು. ನಾರಾಯಣಗಢ–ಮುಗ್ಲಿಂಗ್ ನಡುವಿನ ರಸ್ತೆ ತ್ರಿಶೂಲಿ ನದಿಯ ದಂಡೆಯಲ್ಲೇ ಸಾಗುತ್ತದೆ. 2024ರ ಜುಲೈನಲ್ಲಿ ಅಲ್ಲಿ ಭೂಕುಸಿತಕ್ಕೆ ಸಿಕ್ಕ ಎರಡು ಬಸ್ಸುಗಳು ರಾತ್ರೋರಾತ್ರಿ ನದಿಗೆ ಕೊಚ್ಚಿಹೋದವು. ಮಳೆಗಾಲದಲ್ಲಿ ಈ ದಾರಿಯಲ್ಲಿ ತಂಡವನ್ನು ಕರೆದೊಯ್ಯಬೇಡಿ, ಯಾವ ಕಾಲದಲ್ಲೂ ರಾತ್ರಿ ಪ್ರಯಾಣ ಮಾಡಿಸಬೇಡಿ. ನಿಮ್ಮ ಕರ್ನಾಟಕ ನೋಂದಣಿಯ ಗಾಡಿಯನ್ನು ಒಳಗೆ ಒಯ್ಯಲು ದಿನದ ಲೆಕ್ಕದಲ್ಲಿ ಭನ್ಸಾರ್ ಶುಲ್ಕ ಕಟ್ಟಬೇಕು. ಅದಕ್ಕಿಂತ ಗಡಿಯಿಂದ ಅಲ್ಲಿಯ ವ್ಯಾನನ್ನೇ ಚಾಲಕನ ಸಮೇತ ಗೊತ್ತುಮಾಡುವುದು ಲೇಸು, ಆ ರಸ್ತೆಯ ತಿರುವುಗಳನ್ನು ಬಲ್ಲವನು ಅವನು.

ಸಲಕರಣೆಯನ್ನು ನಾನು ಹೇಳಿದಷ್ಟಕ್ಕೆ ಇಳಿಸಿದರೆ ವಿಮಾನವೂ ಕೈಗೆಟುಕಬಹುದು. ಆಗ ಬ್ಯಾಟರಿಗಳ ಲೆಕ್ಕ ಸರಿಯಾಗಿರಲಿ. ಬಿಡಿ ಲಿಥಿಯಂ ಬ್ಯಾಟರಿಗಳನ್ನು ಕೈಚೀಲದಲ್ಲೇ ಒಯ್ಯಬೇಕು, ಚೆಕ್‌ಇನ್ ಪೆಟ್ಟಿಗೆಯಲ್ಲಿ ಇಡುವಂತಿಲ್ಲ. 100 ವ್ಯಾಟ್‌ಅವರ್‌ವರೆಗಿನವನ್ನು ಸಾಮಾನ್ಯವಾಗಿ ಬಿಡುತ್ತಾರೆ, 100ರಿಂದ 160ರವರೆಗಿನವು ವಿಮಾನ ಸಂಸ್ಥೆಯ ಒಪ್ಪಿಗೆಯೊಂದಿಗೆ ತಲಾ ಎರಡು, ಅದಕ್ಕಿಂತ ದೊಡ್ಡವನ್ನು ಪ್ರಯಾಣಿಕ ವಿಮಾನದಲ್ಲಿ ಬಿಡುವುದಿಲ್ಲ. ಬ್ಯಾಟರಿಯ ಮೇಲೆ ವೋಲ್ಟ್ ಮತ್ತು ಆಂಪಿಯರ್‌ಅವರ್ ಮಾತ್ರ ಬರೆದಿದ್ದರೆ ಎರಡನ್ನೂ ಗುಣಿಸಿ, 14.4 ವೋಲ್ಟಿನ, 6.8 ಆಂಪಿಯರ್‌ಅವರ್‌ನ ಬ್ಯಾಟರಿ 98 ವ್ಯಾಟ್‌ಅವರ್ ಆಗುತ್ತದೆ. ಅದನ್ನು ಚೀಟಿಯಲ್ಲಿ ಬರೆದು ಅಂಟಿಸಿ, ತುದಿಗಳಿಗೆ ಟೇಪ್ ಸುತ್ತಿ. ವಿಮಾನದಲ್ಲಿ ಹೋಗುವ ಭಾರತೀಯರ ಬಳಿ ಪಾಸ್‌ಪೋರ್ಟ್ ಅಥವಾ ಚುನಾವಣಾ ಆಯೋಗದ ಮತದಾರರ ಗುರುತಿನ ಚೀಟಿ ಇರಬೇಕು, ಬರೀ ಆಧಾರ್ ನಂಬಿ ಹೊರಡಬೇಡಿ. ರಸ್ತೆಯಲ್ಲಿ ಹೋದರೂ ಇದೇ ನಿಯಮ ಇಟ್ಟುಕೊಳ್ಳಿ.

ನಿಮ್ಮ ಗೆಳೆಯನ ವಿಷಯ ಇಷ್ಟು ಸರಳವಲ್ಲ. ಮನೆಮಾತು ಕನ್ನಡವಾದರೂ, ಭಾರತೀಯ ಮೂಲದ ವಿದೇಶಿ ಪ್ರಜೆಗಳಿಗೆ ನಮ್ಮ ಸರ್ಕಾರ ಕೊಡುವ ಓಸಿಐ ಕಾರ್ಡ್ ಕೈಯಲ್ಲಿ ಇದ್ದರೂ ನೇಪಾಳದ ದೃಷ್ಟಿಯಲ್ಲಿ ಅವರು ಅಮೆರಿಕದ ಪ್ರಜೆ, ಅವರಿಗೆ ವೀಸಾ ಬೇಕು. ಪ್ರವಾಸಿ ವೀಸಾ ಗಡಿಯಲ್ಲೇ ಸಿಗುತ್ತದೆ, 15 ದಿನಕ್ಕೆ 30 ಡಾಲರ್, 30 ದಿನಕ್ಕೆ 50 ಡಾಲರ್. ಆದರೆ ಚಿತ್ರೀಕರಣದ ಕೆಲಸಕ್ಕೆ ಬರುವವರ ವೀಸಾ ಯಾವ ಬಗೆಯದಿರಬೇಕೆಂದು ಸಂಯೋಜಕರು ಸಚಿವಾಲಯದಿಂದ ಬರವಣಿಗೆಯಲ್ಲೇ ತಿಳಿದುಕೊಳ್ಳಲಿ, ಅನುಮತಿಯ ತಂಡದ ಪಟ್ಟಿಯಲ್ಲಿ ಅವರ ಹೆಸರು ಪಾಸ್‌ಪೋರ್ಟಿನಲ್ಲಿ ಇರುವಂತೆಯೇ ಇರಲಿ. ಸೋನೌಲಿಯಲ್ಲಿ ಆಗುವ ತಪ್ಪನ್ನು ಈಗಲೇ ಹೇಳಿಬಿಡುತ್ತೇನೆ. ಉಳಿದ ಎಂಟು ಜನ ಯಾರೂ ತಡೆಯದೆ ಗೇಟಿನ ಕೆಳಗೆ ನಡೆದು ಹೋಗುತ್ತಾರೆ, ಅವರ ಜೊತೆ ಮಾತನಾಡುತ್ತ ಇವರೂ ಹೋಗಿಬಿಡುತ್ತಾರೆ. ಭಾರತದ ವಲಸೆ ಕಚೇರಿ ಅಂಗಡಿಸಾಲಿನ ನಡುವೆ ಇರುವುದರಿಂದ ಕಣ್ಣಿಗೆ ಬೀಳುವುದೇ ಕಷ್ಟ. ನಿರ್ಗಮನದ ಮುದ್ರೆ ಇಲ್ಲದೆ ಆಚೆ ಹೋದವರನ್ನು ನೇಪಾಳದ ವಲಸೆ ಅಧಿಕಾರಿ ಹಿಂದಕ್ಕೆ ಕಳಿಸುತ್ತಾರೆ. ಎರಡೂ ಕಡೆ ಮುದ್ರೆ ಇಲ್ಲದೆ ಕಠ್ಮಂಡುವರೆಗೆ ಹೋಗಿಬಿಟ್ಟರೆ ಅದು ಕಾನೂನುಬಾಹಿರ ಪ್ರವೇಶವೇ ಆಗುತ್ತದೆ. ಗಡಿಯ ದಿನ ಅವರ ಜೊತೆಗೆ ಒಬ್ಬರನ್ನು ಇದಕ್ಕೆಂದೇ ನೇಮಿಸಿ. ಅವರು ವಿಮಾನದಲ್ಲಿ ನೇರವಾಗಿ ಕಠ್ಮಂಡುವಿಗೆ ಬಂದು ಸೇರುವುದಾದರೆ ಇನ್ನೂ ಒಳ್ಳೆಯದು.

ಹಣದ ಬಗ್ಗೆ ಎರಡೇ ಮಾತು. ಭಾರತದ ಒಂದು ರೂಪಾಯಿಗೆ ನೇಪಾಳದ 1.60 ರೂಪಾಯಿ ಎಂಬ ದರ 1993ರಿಂದ ಸ್ಥಿರವಾಗಿದೆ. ಅಲ್ಲಿ ಬೆಲೆ ಹೇಳುವಾಗ "ಐಸಿ" ಎಂದರೆ ಭಾರತದ ರೂಪಾಯಿ, "ಎನ್‌ಸಿ" ಎಂದರೆ ನೇಪಾಳದ್ದು. ವ್ಯಾನಿಗೆ ನಲವತ್ತು ಸಾವಿರ ಎಂದರೆ ಯಾವುದು ಎಂದು ಕೇಳದೆ ತಲೆಯಾಡಿಸಬೇಡಿ, ಒಪ್ಪಂದಪತ್ರದಲ್ಲೂ ಅದನ್ನು ಬಿಡಿಸಿ ಬರೆಸಿ. 2018ರ ಕೊನೆಯಲ್ಲಿ ನೇಪಾಳ 100 ರೂಪಾಯಿಗಿಂತ ದೊಡ್ಡ ಭಾರತೀಯ ನೋಟುಗಳನ್ನು ನಿರ್ಬಂಧಿಸಿತ್ತು. ಈ ನಿಯಮಗಳು ಬದಲಾಗುತ್ತಲೇ ಇರುವುದರಿಂದ ಹೊರಡುವ ವಾರದಲ್ಲಿ ಬ್ಯಾಂಕಿನಲ್ಲಿ ವಿಚಾರಿಸಿಕೊಳ್ಳಿ, ದೊಡ್ಡ ಪಾವತಿಗಳನ್ನೆಲ್ಲ ಬ್ಯಾಂಕಿನ ಮೂಲಕವೇ ಮಾಡಿ ರಸೀದಿ ಇಟ್ಟುಕೊಳ್ಳಿ.

ಇನ್ನು ಪಶುಪತಿ. ದೇವಾಲಯದ ಪರಿಸರ ಪಶುಪತಿ ಕ್ಷೇತ್ರ ವಿಕಾಸ ಕೋಶದ ಆಡಳಿತದಲ್ಲಿದೆ, ಕಠ್ಮಂಡು ಕಣಿವೆಯ ವಿಶ್ವ ಪರಂಪರೆ ತಾಣದ ಏಳು ಭಾಗಗಳಲ್ಲಿ ಅದೂ ಒಂದು. ಸಚಿವಾಲಯದ ಅನುಮತಿ ಇದ್ದರೂ ಕೋಶದ ಅನುಮತಿ ಬೇರೆಯಾಗಿ ಬೇಕು. ಮುಖ್ಯ ದೇವಾಲಯದ ಪ್ರಾಂಗಣದೊಳಗೆ ಚಿತ್ರ ತೆಗೆಯುವುದಕ್ಕೆ ನಿಷೇಧವಿದೆ, ಅದನ್ನು ಮುರಿಯುವ ಯೋಚನೆಯನ್ನೇ ಬಿಡಿ. ಅಣ್ಣ ಗರ್ಭಗುಡಿಯಲ್ಲಿರುವ ದೃಶ್ಯಗಳನ್ನು ಇಲ್ಲಿಯೇ, ನಿಮ್ಮ ಊರಿನ ಕಡೆಯ ಯಾವುದಾದರೂ ಹಳೆಯ ಮನೆಯ ದೇವರಕೋಣೆಯಲ್ಲಿ ತೆಗೆಯಬಹುದು; ದೀಪದ ಬೆಳಕು, ಹೊಗೆ ಹಿಡಿದ ಗೋಡೆ, ಒದ್ದೆ ಪಂಚೆಯ ತುದಿ ಸಾಕು, ಉಳಿದದ್ದನ್ನು ನೋಡುವವರು ತಾವೇ ತುಂಬಿಕೊಳ್ಳುತ್ತಾರೆ. ಆದರೆ ಬಾಗ್ಮತಿಯ ದಂಡೆಯನ್ನು ಇಲ್ಲಿ ಕಟ್ಟಲಾಗದು. ಆರ್ಯಘಾಟಿನಲ್ಲಿ ಚಿತೆಗಳು ಉರಿಯುತ್ತಿರುತ್ತವೆ, ಎದುರು ದಂಡೆಯ ಮೆಟ್ಟಿಲುಗಳ ಮೇಲೆ ಜನ ಕುಳಿತಿರುತ್ತಾರೆ. ನಿಮ್ಮ ತಂಗಿಯ ಪಾತ್ರ ಆ ಮೆಟ್ಟಿಲ ಮೇಲೆ ಕುಳಿತು ಆಚೆಯ ದಂಡೆಯನ್ನು ನೋಡಲಿ, ಕ್ಯಾಮೆರಾ ಅವಳ ಮುಖದ ಮೇಲಿರಲಿ. ಆಚೆ ಸುಡುತ್ತಿರುವುದು ಯಾರದ್ದೋ ತಾಯಿ. ಅಳುವವರ ಮುಖಕ್ಕೆ ಉದ್ದದ ಲೆನ್ಸ್ ಹಿಡಿಯುವುದಕ್ಕೆ ಯಾವ ಸರ್ಕಾರ ಅನುಮತಿ ಕೊಟ್ಟರೂ ನೀವು ಹಿಡಿಯಬೇಡಿ. ಧ್ವನಿಗೆ ಸಂಬಂಧಿಸಿ ಗೆಳೆಯನಿಗೆ ಒಂದು ಮಾತು ಹೇಳಿ: ನಿಲ್ದಾಣ ಹತ್ತಿರವಿರುವುದರಿಂದ ವಿಮಾನಗಳ ಸದ್ದು ಮಾತಿನ ಮೇಲೆ ಬೀಳುತ್ತಲೇ ಇರುತ್ತದೆ. ಚಿತ್ರೀಕರಣಕ್ಕೆ ಮೊದಲು ಒಂದು ಬೆಳಿಗ್ಗೆ ಪೂರ್ತಿ ಅಲ್ಲಿ ಕುಳಿತು, ಯಾವ ಹೊತ್ತಿನಲ್ಲಿ ಎಷ್ಟು ನಿಮಿಷ ಬಿಡುವು ಸಿಗುತ್ತದೆಂದು ಬರೆದುಕೊಳ್ಳಲಿ. ನೇಪಾಳದ ಗಡಿಯಾರ ನಮ್ಮದಕ್ಕಿಂತ ಹದಿನೈದು ನಿಮಿಷ ಮುಂದಿದೆ. ಕ್ಯಾಮೆರಾ ಮತ್ತು ರೆಕಾರ್ಡರ್ ಎರಡರ ಸಮಯವನ್ನೂ ಒಟ್ಟಿಗೇ ಬದಲಿಸಿ, ಇಲ್ಲವೇ ಎರಡನ್ನೂ ಬದಲಿಸದೆ ಬಿಡಿ. ಒಂದನ್ನು ಮಾತ್ರ ಬದಲಿಸಿದ ತಂಡದ ಸಂಕಲನಕಾರರು ಪಟ್ಟ ಪಾಡನ್ನು ನಾನು ಕಂಡಿದ್ದೇನೆ.

ಪಶುಪತಿಯಲ್ಲಿ ಕೋತಿಗಳು, ನಾಯಿಗಳು, ಪಾರಿವಾಳಗಳು ಎಲ್ಲೆಲ್ಲೂ ಇರುತ್ತವೆ. ಬೆಂಗಳೂರಿನಲ್ಲಿ ಸೆನ್ಸಾರ್‌ಗೆ ಹೋದಾಗ ಪರದೆಯ ಮೇಲೆ ಪ್ರಾಣಿಗಳು ಕಂಡರೆ ಪ್ರಾಣಿ ಕಲ್ಯಾಣ ಮಂಡಳಿಯ ಪತ್ರ ಕೇಳುತ್ತಾರೆ. ತಾವಾಗಿ ಹಾದುಹೋದ ಪ್ರಾಣಿಗಳನ್ನೂ ನೀವು ತಂದು ಬಳಸಿದ ಪ್ರಾಣಿಗಳನ್ನೂ ಬೇರೆ ಬೇರೆಯಾಗಿ, ದಿನ, ಸ್ಥಳ, ದೃಶ್ಯದ ಸಂಖ್ಯೆಯೊಂದಿಗೆ ಅಲ್ಲಿಯೇ ಬರೆದಿಡಿ. ತಿಂಗಳುಗಳ ನಂತರ ನೆನಪಿನಿಂದ ಬರೆಯಲಾಗುವುದಿಲ್ಲ.

ಮರಳುವ ದಿನ ಹೋದ ದಾರಿಯಲ್ಲೇ, ಅದೇ ಗಡಿಠಾಣೆಯ ಮೂಲಕ ಬನ್ನಿ. ಧರೌಟಿ ಕಟ್ಟಿದ ಕಚೇರಿಯಲ್ಲಿ ಪಟ್ಟಿ ತಾಳೆ ನೋಡಿ, ವಸ್ತುಗಳು ಹೊರಹೋದದ್ದನ್ನು ದಾಖಲಿಸಿ, ಹಣ ಬಿಡುಗಡೆ ಮಾಡುವುದಕ್ಕೆ ಸಮಯ ಹಿಡಿಯುತ್ತದೆ. ಆದ್ದರಿಂದ ಗೋರಖಪುರದ ರೈಲಿನ ಟಿಕೆಟನ್ನು ಮರುದಿನಕ್ಕೆ ಮಾಡಿಸಿ, ಮತ್ತು ಗಡಿ ದಾಟುವ ದಿನ ಶನಿವಾರವಾಗದಂತೆ ನೋಡಿಕೊಳ್ಳಿ. ಚಿತ್ರದ ದತ್ತಾಂಶದ ಮೂರು ಪ್ರತಿಗಳಿರಲಿ, ಮೂವರು ಬೇರೆ ಬೇರೆ ಚೀಲಗಳಲ್ಲಿ ತರಲಿ.

ಕೊನೆಯದಾಗಿ, ನೀವು ಕೇಳದಿದ್ದರೂ ಮುಂದೆ ಎದುರಾಗುವ ಒಂದು ಪ್ರಸಂಗ. ನಿಮ್ಮ ಕಥೆಯಲ್ಲಿ ನೇಪಾಳಿ ನಟಿಯೊಬ್ಬರು ಇದ್ದೇ ಇರುತ್ತಾರೆ, ಡಬ್ಬಿಂಗಿಗೋ ಉಳಿದ ಒಂದೆರಡು ದೃಶ್ಯಕ್ಕೋ ಅವರನ್ನು ಕರ್ನಾಟಕಕ್ಕೆ ಕರೆಸಬೇಕಾಗುತ್ತದೆ. ಅವರಿಗೂ ವೀಸಾ ಬೇಡ. ಆದರೆ ಹೆಣ್ಣುಮಕ್ಕಳ ಸಾಗಣೆಯನ್ನು ತಡೆಯಲು ಮೈತಿ ನೇಪಾಳದಂಥ ಸಂಸ್ಥೆಗಳ ಕಾರ್ಯಕರ್ತೆಯರು ಈ ಗಡಿಯಲ್ಲಿ ನಿಂತು, ಭಾರತದ ಕಡೆಗೆ ಹೊರಟ ಯುವತಿಯರನ್ನು ಎಲ್ಲಿಗೆ, ಯಾರ ಜೊತೆ, ಯಾಕೆ ಎಂದು ವಿಚಾರಿಸುತ್ತಾರೆ. "ಸಿನಿಮಾದಲ್ಲಿ ಪಾತ್ರ" ಎಂಬ ಆಮಿಷವೇ ಎಷ್ಟೋ ಹುಡುಗಿಯರನ್ನು ಮನೆಯಿಂದ ಹೊರಡಿಸಿದೆ ಎಂಬುದು ಅವರಿಗೆ ಗೊತ್ತು. ಆ ಪ್ರಶ್ನೆಗಳಿಗೆ ಬೇಸರಿಸಬೇಡಿ. ಸಚಿವಾಲಯದ ಅನುಮತಿಯ ಪ್ರತಿ, ಅವರೊಡನೆ ಮಾಡಿಕೊಂಡ ಒಪ್ಪಂದ, ಹೋಗಿಬರುವ ಟಿಕೆಟ್, ಉಳಿಯುವ ಮನೆಯ ವಿಳಾಸ ಮತ್ತು ಮನೆಯವರ ಫೋನ್ ನಂಬರ್ ಅವರ ಕೈಯಲ್ಲಿರಲಿ. ಅವರನ್ನು ಒಬ್ಬರೇ ಬರಹೇಳದೆ, ನಿಮ್ಮ ತಂಡದ ಮಹಿಳೆಯೊಬ್ಬರು ಭೈರಹವಾದವರೆಗೆ ಹೋಗಿ ಕರೆದುಕೊಂಡು ಬರಲಿ.